ಪ್ರತಾಪವೂ ಪರ್ದಾವೂ: ಸ್ಪೇನಿನ ನಾಣ್ಯಗಳ ಸಂಗ್ರಹಣವನ್ನು ಕುರಿತ ಒಂದು ವಿಮರ್ಶೆ

ಸ್ಪೇನಿನ ಅರಸರು ಅಮೆರಿಕಖಂಡದ ತಮ್ಮ ಅಧೀನರಾಜ್ಯಗಳಲ್ಲಿ ಅಚ್ಚೊತ್ತಿಸಿದ ಹೊನ್ನಿನ ಮತ್ತು ಬೆಳ್ಳಿಯ ನಾಣ್ಯಗಳನ್ನು ಅರಸಿ ಕೂಡಿಡುವ ಹವ್ಯಾಸವು ಪಾಶ್ಚಾತ್ಯದೇಶಗಳಲ್ಲಿ ಬಹುಕಾಲದಿಂದ ಬಲವಾಗಿದೆ. ನಮ್ಮ ದೇಶದ ಸಂಗ್ರಾಹಕರಲ್ಲಿಯೂ ಅದು ಕಾಣಬರುತ್ತಿದೆ. ಈ ನಾಣ್ಯಗಳನ್ನು ಕುರಿತ ಪಟ್ಟಿಗಳೂ ಹರಾಜಿನ ವಿವರಣೆಗಳೂ ಬೆಳೆದು ಈಗ ಅವು ಒಂದು ಪ್ರತ್ಯೇಕ ವಾಙ್ಮಯವೇ ಆಗಿವೆ ಎಂದರೆ ಅತ್ಯುಕ್ತಿಯಾಗಲಾರದು. ಅಂಥ ಪಟ್ಟಿಗಳಲ್ಲಿ ಅರಸನ ಹೆಸರು, ಇಸವಿ, ಕಮ್ಮಟದ ಗುರುತು, ತೂಕ, ಸವಕಳಿಯ ಪ್ರಮಾಣ, ದೌರ್ಲಭ್ಯದ ದರ್ಜೆ, ಬೆಲೆ ಇವಿಷ್ಟು ಬಹು ಜಾಗರೂಕತೆಯಿಂದ ನಿರೂಪಿತವಾಗಿರುತ್ತವೆ. ಆದರೆ ಆ ನಾಣ್ಯವು ಯಾವ ನೆಲದಲ್ಲಿ ಯಾವ ಒಡವೆಗಳ ಜೊತೆಯಲ್ಲಿ ದೊರೆಯಿತು, ಅದನ್ನು ಕೈಯಲ್ಲಿ ಹಿಡಿದವರು ಯಾವ ಹೆಸರಿನಿಂದ ಕರೆದರು, ಅದರ ಮೇಲೆ ಎರಡನೆಯ ಅಚ್ಚು ಬಿದ್ದಿದ್ದರೆ ಆ ಎರಡರ ಸಂಬಂಧವೇನು ಎಂಬ ಪ್ರಶ್ನೆಗಳಿಗೆ ಬಹುತೇಕ ಅಲ್ಲಿ ಉತ್ತರವಿರುವುದಿಲ್ಲ. ಅತ್ತ ಸಾಹಿತ್ಯದ ವ್ಯಾಸಂಗದಲ್ಲಿರುವ ನಾವು, ನಾಣ್ಯವೆಂಬುದು ಅಕ್ಕಸಾಲಿಗನಿಗೂ ಚಿನಿವಾರನಿಗೂ ಸೇರಿದ ವಸ್ತುವೆಂದು ಬಗೆದು ಅದರ ಗೊಡವೆಗೇ ಹೋಗುವುದಿಲ್ಲ. ಈ ಉಭಯಪಕ್ಷಗಳ ಉಪೇಕ್ಷೆಯಿಂದ ಕನ್ನಡಕ್ಕೆ ಉಂಟಾಗಿರುವ ನಷ್ಟವನ್ನು ತೋರಿಸುವುದೇ ಪ್ರಕೃತಲೇಖನದ ಉದ್ದೇಶವಾಗಿದೆ.

ತುರುವೇಕೆರೆಯಂತಹ ತೆಂಗಿನ ಸೀಮೆಯಲ್ಲಿ ಕುಳಿತು ಮೆಕ್ಸಿಕೋ ದೇಶದ ಬೆಳ್ಳಿಯನ್ನು ಕುರಿತು ಬರೆಯುವುದೇತಕ್ಕೆ ಎಂದು ಯಾರಾದರೂ ಪೂರ್ವಪಕ್ಷ ಮಾಡಬಹುದು. ಕ್ರಿ. ಶ. 1263ರಲ್ಲಿ ಸೋಮಣ್ಣ ದಣ್ಣಾಯಕನು ಚೆನ್ನಕೇಶವನ ಗುಡಿಯನ್ನು ಕಟ್ಟಿಸಿದ ಊರು ಇದು. ಹೊಯ್ಸಳರ ಕಾಲದ ದತ್ತಿಶಾಸನಗಳನ್ನು ಓದುವವರಿಗೆ ಗದ್ಯಾಣ, ಹೊನ್ನು, ಪಣ, ಹಾಗ, ವೀಸಗಳೆಂಬ ಶಬ್ದಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಇವುಗಳನ್ನು ನಮ್ಮ ಪಾಠಶಾಲೆಗಳಲ್ಲಿ ಹೇಗೆ ಬೋಧಿಸುತ್ತೇವೆ? ‘ಒಂದು ಬಗೆಯ ನಾಣ್ಯ’ ಎಂದು ಟಿಪ್ಪಣಿ ಬರೆಯಿಸಿ ಮುಂದಕ್ಕೆ ಸಾಗುತ್ತೇವೆ. ಪುಷ್ಪವಿಶೇಷ, ವೃಕ್ಷವಿಶೇಷ ಎಂದು ಹೇಳಿ ಕೈತೊಳೆದುಕೊಳ್ಳುವ ವ್ಯಾಖ್ಯಾನಕಾರರ ಪದ್ಧತಿಯೇ ಇಲ್ಲಿಯೂ ನಡೆದಿದೆ. ನಾಡಿನ ನಾಣ್ಯಕ್ಕೇ ಈ ಗತಿಯಾದರೆ ಹೊರಗಿನಿಂದ ಬಂದ ನಾಣ್ಯದ ಪಾಡು ಹೇಳತಕ್ಕುದಿಲ್ಲ. ಆದರೆ ಆ ಹೊರಗಿನ ನಾಣ್ಯಗಳಲ್ಲಿ ಒಂದಕ್ಕೆ ವಿಜಯನಗರದ ಅರಸರ ಬಿರುದೇ ಹೆಸರಾಗಿ ನಿಂತಿತೆಂಬ ಸಂಗತಿಯನ್ನು ಅರಿತಾಗ ಪೂರ್ವಪಕ್ಷವು ತಾನಾಗಿಯೇ ನಿಲ್ಲದೆ ಹೋಗುವುದು.

ಮೊದಲು ನಾಣ್ಯದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವುದು ಯುಕ್ತ. ಮೆಕ್ಸಿಕೋ ನಗರದ ಕಮ್ಮಟವು 1535ರ ರಾಜಾಜ್ಞೆಯಿಂದ ಸ್ಥಾಪಿತವಾಗಿ ಮರುವರ್ಷ ಕೆಲಸವನ್ನಾರಂಭಿಸಿತು. 1545ರಲ್ಲಿ ದಕ್ಷಿಣ ಅಮೆರಿಕದ ಪೊತೊಸಿ ಎಂಬ ಬೆಟ್ಟದಲ್ಲಿ ಅಪಾರವಾದ ಬೆಳ್ಳಿಯ ಗಣಿ ಪತ್ತೆಯಾಯಿತು. 1570ರ ದಶಕದಲ್ಲಿ ಅಲ್ಲಿಯೂ ಕಮ್ಮಟವೇರ್ಪಟ್ಟಿತು. ಆ ಬೆಟ್ಟದ ಮೂಲನಿವಾಸಿಗಳನ್ನು ಸರದಿಯ ಮೇಲೆ ಬಿಟ್ಟಿಗೆ ಹಿಡಿದು ಗಣಿಯೊಳಕ್ಕೆ ಇಳಿಸುತ್ತಿದ್ದರು; ಈ ನಾಣ್ಯಗಳ ಹೊಳಪನ್ನು ವರ್ಣಿಸುವವರು ಅದನ್ನೂ ಮರೆಯಲಾಗದು. ಹೀಗೆ ತೆಗೆದ ಬೆಳ್ಳಿಯಿಂದ ಎಂಟು ರಿಯಾಲಿನ ಬೆಲೆಯ ದೊಡ್ಡ ನಾಣ್ಯವನ್ನು ಒತ್ತುತ್ತಿದ್ದರು. ಅದರ ತೂಕ ಸುಮಾರು 27 ಗ್ರಾಮು, ಎಂದರೆ ನಮ್ಮ ಹಳೆಯ ತೊಲದ ಲೆಕ್ಕದಲ್ಲಿ ಎರಡೂಕಾಲು ತೊಲಕ್ಕೆ ಸ್ವಲ್ಪ ಹೆಚ್ಚು. ಆದಿಯಲ್ಲಿ ಬೆಳ್ಳಿಯ ಸರಳನ್ನು ತುಂಡರಿಸಿ, ತೂಕಕ್ಕೆ ಸರಿಬರುವಂತೆ ಅಂಚನ್ನು ಕತ್ತರಿಸಿ, ಸುತ್ತಿಗೆಯಿಂದ ಅಚ್ಚನ್ನು ಹೊಡೆಯುತ್ತಿದ್ದುದರಿಂದ ಆ ಬಿಲ್ಲೆಗಳು ವಕ್ರಾಕಾರವಾಗಿದ್ದು, ಬರೆಹದಲ್ಲಿ ಅರ್ಧಕ್ಕಿಂತಲೂ ಹೆಚ್ಚು ಭಾಗ ಬಿಲ್ಲೆಯಿಂದ ಹೊರಗೇ ಉಳಿಯುತ್ತಿತ್ತು. ಮೆಕ್ಸಿಕೋವಿನಲ್ಲಿ 1732ರಿಂದ ಯಂತ್ರದಲ್ಲಿ ಒತ್ತಿದ ವೃತ್ತಾಕಾರದ ನಾಣ್ಯ ಹೊರಟಿತು. ಅದರ ಒಂದು ಮುಖದಲ್ಲಿ ಎರಡು ಕಂಬಗಳು, ಅವುಗಳ ನಡುವೆ ಕಡಲಿನ ಮೇಲೆ ಎರಡು ಭೂಗೋಲಾರ್ಧಗಳು. 1772ರಿಂದ ಕಂಬಗಳ ಮುಖಕ್ಕೆ ಬದಲಾಗಿ ಅರಸನ ತಲೆ ಬಂದಿತು. ಎಸ್ಕೂದೊ ಎಂಬ ಚಿನ್ನದ ನಾಣ್ಯಗಳೂ ಉಂಟು. ಸಂಗ್ರಾಹಕರು ಮಿಗಿಲಾಗಿ ಬೆಲೆಕೊಡುವುದು ಇವುಗಳಿಗೆ. ಆದರೆ ಭಾರತವರ್ಷದ ವ್ಯಾಪಾರದಲ್ಲಿ ಸ್ಪೇನಿನ ಪಾತ್ರವನ್ನು ವಹಿಸಿದುದು ಮುಖ್ಯವಾಗಿ ಬೆಳ್ಳಿಯೇ.

ಆ ಬೆಳ್ಳಿ ಕನ್ನಡನಾಡಿನ ಕರಾವಳಿಗೆ ಬಂದ ದಾರಿಯು ವಿಸ್ತಾರವಾದ ಚರ್ಚೆಯನ್ನಪೇಕ್ಷಿಸುವುದಿಲ್ಲ. ಪೋರ್ಚುಗೀಸರು 1568ರಲ್ಲಿ ಮಂಗಳೂರಿನಲ್ಲಿಯೂ ಮರುವರ್ಷ ಹೊನ್ನಾವರ ಬಸರೂರುಗಳಲ್ಲಿಯೂ ಕೋಟೆಗಳನ್ನು ಹಿಡಿದರು. 1580ರಿಂದ 1640ರವರೆಗೆ ಪೋರ್ಚುಗಲ್ಲೂ ಸ್ಪೇನೂ ಒಬ್ಬನೇ ಅರಸನ ಕೈಯಲ್ಲಿದ್ದುವು. ಎಂದರೆ, ಆ ಅರುವತ್ತು ವರ್ಷಗಳ ಕಾಲ ಮಂಗಳೂರು ಬಸರೂರುಗಳ ಕೋಟೆಗಳ ಮೇಲೆ ಹಾರುತ್ತಿದ್ದ ಧ್ವಜದ ಒಡೆಯನೂ ಪೊತೊಸಿಯ ಬೆಳ್ಳಿಯ ಒಡೆಯನೂ ಒಬ್ಬನೇ. ಘಟ್ಟದ ಮೇಲಣ ಮೆಣಸಿಗೂ ಬಸರೂರು ಮಂಗಳೂರುಗಳ ಅಕ್ಕಿಗೂ ಗೋವೆಯವರು ಹಂಬಲಿಸುತ್ತಿದ್ದರು; ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ ಎಂದೇ ಅವರು ಕರೆದರು. ನಮ್ಮವರಿಗೆ ಅವರಿಂದ ಬೇಕಾದ ಸರಕು ಅಲ್ಪ. ಆದುದರಿಂದ ಹಣವನ್ನೇ ತರಬೇಕಾಯಿತು. 1583ರಿಂದ ಸುಮಾರು ಐದು ವರ್ಷ ಗೋವೆಯಲ್ಲಿದ್ದ ಲಿನ್ಸ್‌ಖೋಟನ್ ಎಂಬ ಡಚ್ಚನು ತಾನು ಕಂಡ ನಾಣ್ಯಗಳನ್ನೂ ಅವುಗಳ ವಿನಿಮಯವನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ಹಡಗುಗಳಲ್ಲಿ ಬರುತ್ತಿದ್ದ ಸ್ಪೇನಿನ ಎಂಟು ರಿಯಾಲಿನ ನಾಣ್ಯವನ್ನು ಗೋವೆಯಲ್ಲಿ ‘ರಿಯಾಲಿನ ಪರ್ದಾವು’ ಎನ್ನುತ್ತಿದ್ದರೆಂದು ಅವನ ಗ್ರಂಥದಿಂದ ತಿಳಿದುಬರುತ್ತದೆ.

ಈ ಪರ್ದಾವು ಎಂಬುದೇನು? ಇಲ್ಲಿಯೇ ವಿಷಯದ ಮರ್ಮವಿರುವುದು.

ವಿಜಯನಗರದ ಅರಸರ ಚಿನ್ನದ ನಾಣ್ಯಗಳನ್ನು ಕಂಡವರಿಗೆ ಅವುಗಳ ಹಿಮ್ಮುಖದ ಬರೆಹವು ಪರಿಚಿತ. ಶ್ರೀ ಪ್ರತಾಪ ಹರಿಹರ, ಶ್ರೀ ಪ್ರತಾಪ ದೇವರಾಯ, ಶ್ರೀ ಪ್ರತಾಪ ಕೃಷ್ಣರಾಯ, ಶ್ರೀ ಪ್ರತಾಪಾಚ್ಯುತರಾಯ, ಶ್ರೀ ಪ್ರತಾಪ ಸದಾಶಿವರಾಯ ಎಂಬಂತೆ ತಲೆತಲಾಂತರವಾಗಿ ಆ ಒಂದು ಬಿರುದು ಅರಸನ ಹೆಸರಿಗೆ ಮುಂಚೆ ನಿಂತಿದೆ. ನಾಣ್ಯವನ್ನು ಕೈಯಿಂದ ಕೈಗೆ ದಾಟಿಸುವ ಜನರಿಗೆ ಅರಸನ ಹೆಸರು ಬದಲಾಗುತ್ತಿತ್ತು, ಪ್ರತಾಪವು ಮಾತ್ರ ಬದಲಾಗಲಿಲ್ಲ. ಆದುದರಿಂದ ಆ ಮಾತೇ ನಾಣ್ಯದ ಹೆಸರಾಯಿತು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಅಲ್ಲಿನ ಚಲಾವಣೆಯನ್ನು ವರ್ಣಿಸುತ್ತ ವರಹ, ಅದರ ಅರ್ಧ ಬೆಲೆಯ ಪರ್ತಾಬ್, ಪರ್ತಾಬಿನ ಹತ್ತನೆಯ ಒಂದು ಪಾಲಾದ ಪಣ, ಪಣದ ಆರನೆಯ ಒಂದು ಪಾಲಾದ ಬೆಳ್ಳಿಯ ತಾರ ಎಂದು ಕ್ರಮವಾಗಿ ಎಣಿಸಿದ್ದಾನೆ. ಪರ್ತಾಬ್ ಎಂಬುದು ಪ್ರತಾಪವೇ ಸರಿ. ಪೋರ್ಚುಗೀಸರ ಬಾಯಲ್ಲಿ ಅದು ಪರ್ದಾವು ಆಯಿತು. ಸ್ವರಮಧ್ಯದ ಪಕಾರಕ್ಕೆ ವಕಾರವು ಬರುವುದು ಪ್ರಾಕೃತವ್ಯಾಕರಣದಲ್ಲಿ ಸಾಮಾನ್ಯ ವಿಧಿ. ಪದಾದಿಯ ಸಂಯುಕ್ತಾಕ್ಷರವನ್ನು ಬಿಡಿಸಿ ರೇಫೆಯನ್ನು ಹಿಂದುಮುಂದು ಮಾಡುವುದು ನಮ್ಮ ಹಳ್ಳಿಗರ ಬಾಯಲ್ಲಿಯೂ ಕೇಳಬರುವ ವ್ಯತ್ಯಯ. ಈ ವ್ಯುತ್ಪತ್ತಿಯನ್ನು ಶಬ್ದಶೋಧಕರು ಬಹುಕಾಲದ ಹಿಂದೆಯೇ ಅಂಗೀಕರಿಸಿದ್ದಾರೆ.

ಶಬ್ದವು ಸಾಗುತ್ತ ಸಾಗುತ್ತ ಅರ್ಥವೂ ಸರಿದಿರುವುದನ್ನು ಗಮನಿಸಬೇಕು. ರಜಾಕನಿಗೆ ಅರ್ಧವರಹವಾಗಿದ್ದ ಪ್ರತಾಪವು ಪೋರ್ಚುಗೀಸರ ಲೆಕ್ಕದಲ್ಲಿ ಪೂರ್ಣ ವರಹವೇ ಆಗಿದೆ. ಕೃಷ್ಣದೇವರಾಯನ ಕಾಲದಲ್ಲಿ ಅಲ್ಲಿಗೆ ಬಂದಿದ್ದ ದೊಮಿಂಗೊ ಪಾಯೆಸನು ಅದರ ಬೆಲೆಯನ್ನು 360 ರೀಸ್ ಎಂದು ಕೊಟ್ಟಿದ್ದಾನೆ. ಗೋವೆಯಲ್ಲಿ ಅದು ಚಿನ್ನದಿಂದ ಬೆಳ್ಳಿಗೆ ಇಳಿಯಿತು, ಲೆಕ್ಕದ ಒಂದು ಮಾನವಾಗಿ ನಿಂತಿತು, ಕೊನೆಗೆ ಪೊತೊಸಿಯ ಬೆಳ್ಳಿಬಿಲ್ಲೆಗೂ ಅಂಟಿಕೊಂಡಿತು. ಗ್ರೀಕರ ದ್ರಖ್ಮವು ನಮಗೆ ದ್ರಮ್ಮವಾಗಿ ಬಂದುದನ್ನೂ, ರೋಮಕರ ದೆನಾರಿಯಸ್ಸು ದೀನಾರವಾಗಿ ಅಮರಸಿಂಹನ ಕೋಶದಲ್ಲಿಯೇ ಸ್ಥಾನವನ್ನು ಪಡೆದುದನ್ನೂ ವಿದ್ಯಾರ್ಥಿಗಳಿಗೆ ಹೇಳುವ ನಾವು, ಇಲ್ಲಿಂದ ಹೊರಟುಹೋದ ಹೆಸರಿನ ಕಥೆಯನ್ನು ಹೇಳದಿರುವುದು ವಿಚಿತ್ರ. ನಮ್ಮ ಚರಿತ್ರಪುಸ್ತಕಗಳಲ್ಲಿ ವಿಜಯನಗರದ ಆದಾಯವನ್ನು ‘ಪರ್ದಾವು’ಗಳಲ್ಲಿ ಹೇಳಿರುವ ಕಡೆಗಳಲ್ಲೆಲ್ಲ ಅದನ್ನು ಪರಭಾಷೆಯ ಶಬ್ದವೆಂಬಂತೆ ಹಾಗೆಯೇ ಉಳಿಸಿಕೊಂಡು, ಕೆಲವೊಮ್ಮೆ ‘ಪೋರ್ಚುಗೀಸ್ ನಾಣ್ಯ’ ಎಂಬ ಟಿಪ್ಪಣಿಯನ್ನೂ ಸೇರಿಸುತ್ತಾರೆ. ತವರಿಗೆ ಮರಳಿ ಬಂದ ಮಗಳನ್ನು ನೆಂಟಳೆಂದು ಹೊರಜಗಲಿಯಲ್ಲಿ ಕೂಡಿಸಿದಂತೆ ಇದು. ಸಂಗ್ರಾಹಕರ ಪಟ್ಟಿಗಳಲ್ಲಿಯೂ ಇದೇ ದೋಷ: ವಿಜಯನಗರದ ವರಹಗಳು ಒಂದು ಪೆಟ್ಟಿಗೆ, ಗೋವೆಯ ಪರ್ದಾವುಗಳು ಮತ್ತೊಂದು ಪೆಟ್ಟಿಗೆ, ಸ್ಪೇನಿನ ರಿಯಾಲುಗಳು ಮೂರನೆಯದು. ಒಂದೇ ಹೆಸರು ಈ ಮೂರನ್ನೂ ಪೋಣಿಸಿದ್ದಿತೆಂಬುದಕ್ಕೆ ಅಲ್ಲಿ ಸೂಚನೆಯೂ ಸಿಕ್ಕದು.

ಗ್ರಂಥವನ್ನೂ ನಾಣ್ಯವನ್ನೂ ಒಟ್ಟಿಗೆ ಓದಿದರೆ ಎಷ್ಟು ಬೆಳಕು ದೊರೆಯುವುದೆಂಬುದಕ್ಕೆ ಪಾಯೆಸನ ಅದೇ ಪ್ರಸಂಗವು ಸಾಕ್ಷಿ. ಪರ್ದಾವಿನ ಒಂದು ಮುಖದಲ್ಲಿ ಎರಡು ವಿಗ್ರಹಗಳೂ ಇನ್ನೊಂದರಲ್ಲಿ ಅಚ್ಚೊತ್ತಿಸಿದ ಅರಸನ ಹೆಸರೂ ಇರುವುವೆಂದೂ, ಈಗಿನ ಅರಸನು ಒತ್ತಿಸಿದವುಗಳಲ್ಲಿ ಮಾತ್ರ ಒಂದೇ ವಿಗ್ರಹವಿರುವುದೆಂದೂ ಅವನ ಹೇಳಿಕೆ. ಕೃಷ್ಣದೇವರಾಯನ ವರಹಗಳಲ್ಲಿ ಪ್ರಸಿದ್ಧವಾದುದು ಬಾಲಕೃಷ್ಣನ ಮೂರ್ತಿಯುಳ್ಳದು. ಅವನ ಹಿಂದಿನವರ ನಾಣ್ಯಗಳಲ್ಲಿ ಉಮಾಮಹೇಶ್ವರ, ಲಕ್ಷ್ಮೀನಾರಾಯಣ ಮೊದಲಾದ ದಂಪತಿಮೂರ್ತಿಗಳನ್ನು ಕಾಣುತ್ತೇವೆ. ದೇವತೆಗಳ ಹೆಸರನ್ನು ಅರಿಯದ ಪರದೇಶಿಯೊಬ್ಬನು ಕೇವಲ ಎಣಿಸಿ ಹೇಳಿದ ಮಾತು ಹೀಗೆ ಅಕ್ಷರಶಃ ನಿಜವಾಗಿದೆ. ಇಂಥ ಸಂವಾದದಿಂದ ಆ ಗ್ರಂಥಕಾರನ ಉಳಿದ ಮಾತುಗಳಿಗೂ ಬಲ ಬರುತ್ತದೆ. ನಾಣ್ಯಕ್ಕೂ ಕಾಲದ ನೆಲೆಯೊಂದು ದೃಢವಾಗುತ್ತದೆ. ಸಂಗ್ರಹದಿಂದ ನಾವು ಬಯಸತಕ್ಕುದು ಈ ಪ್ರಯೋಜನವನ್ನು.

ಇನ್ನು ಎರಡನೆಯ ಅಚ್ಚಿನ ವಿಚಾರ. ರೂಪ ಶಬ್ದದ ಮೇಲೆ ‘ಆಹತ’, ಎಂದರೆ ಹೊಡೆದು ಮೂಡಿಸಿದುದು, ಎಂಬರ್ಥದಲ್ಲಿ ಪ್ರತ್ಯಯವನ್ನು ವಿಧಿಸಿ ಪಾಣಿನಿಯು ರೂಪ್ಯವೆಂಬ ಪದವನ್ನು ಸಾಧಿಸಿಕೊಟ್ಟಿದ್ದಾನೆ. ನಮ್ಮ ರೂಪಾಯಿಗೆ ಮೂಲ ಇದೇ. ರೂಪವು ಒಮ್ಮೆ ಆಹತವಾದುದರ ಮೇಲೆ ಮತ್ತೊಂದು ರೂಪವು ಆಹತವಾದರೆ? ನಮ್ಮ ದೇಶದಲ್ಲಿಯೇ ಇದಕ್ಕೆ ಹಳೆಯ ನಿದರ್ಶನವುಂಟು. 1906ರಲ್ಲಿ ನಾಸಿಕದ ಹತ್ತಿರ ಜೋಗಲ್‌ತೆಂಬಿಯಲ್ಲಿ ದೊರೆತ 13,000ಕ್ಕೂ ಮಿಕ್ಕ ಬೆಳ್ಳಿಯ ನಾಣ್ಯಗಳೆಲ್ಲ ಕ್ಷಹರಾತ ನಹಪಾನನವು; ಅವುಗಳಲ್ಲಿ 9,000ಕ್ಕೂ ಹೆಚ್ಚಿನವುಗಳ ಮೇಲೆ ಗೌತಮೀಪುತ್ರ ಶಾತಕರ್ಣಿಯು ತನ್ನ ಅಚ್ಚನ್ನು ಹೊಡೆಯಿಸಿದ್ದಾನೆ. ಸೋತವನ ಮುಖವೂ ಗೆದ್ದವನ ಲಾಂಛನವೂ ಒಂದೇ ಬಿಲ್ಲೆಯಲ್ಲಿ ಕಾಣುತ್ತವೆ. ಈ ರಾಶಿಯು ಚದುರದೆ ಒಟ್ಟಿಗೆ ಪರಿಶೀಲಿತವಾದುದರಿಂದಲೇ ಆ ಎರಡು ವಂಶಗಳ ಪೌರ್ವಾಪರ್ಯವು ನಿರ್ಣಯಕ್ಕೆ ಬಂದಿತು.

ಸ್ಪೇನಿನ ಬೆಳ್ಳಿಗೂ ಇಂಥದೇ ಸಂಸ್ಕಾರವು ಚೆನ್ನಪಟ್ಟಣದಲ್ಲಿ ನಡೆಯಿತು. ಕಂಪೆನಿಯವರ ಕಮ್ಮಟದಿಂದ 1807ರಿಂದ ಮುಂದಣ ಕೆಲವು ವರ್ಷಗಳಲ್ಲಿ ಹೊರಟ ಬೆಳ್ಳಿಯ ಅರೆವರಹಗಳನ್ನೂ ಎರಡು ರೂಪಾಯಿಯ ನಾಣ್ಯಗಳನ್ನೂ ಪರೀಕ್ಷಿಸಿದರೆ, ಅವುಗಳಲ್ಲಿ ಹಲವು ಸ್ಪೇನಿನ ಎಂಟು ರಿಯಾಲುಗಳ ಮೇಲೆಯೇ ಒತ್ತಲ್ಪಟ್ಟಿರುವುದು ಕಂಡುಬರುತ್ತದೆ. ಅರೆವರಹದ ಒಂದು ಮುಖದಲ್ಲಿ ನಕ್ಷತ್ರಗಳ ನಡುವೆ ಗೋಪುರ, ಸುತ್ತಲೂ ಇಂಗ್ಲಿಷ್ ಮತ್ತು ಪಾರಸಿ ಬರೆಹ. ಇನ್ನೊಂದರಲ್ಲಿ ಪದ್ಮದಿಂದ ಮೇಲೇಳುವ ವಿಷ್ಣು, ಸುತ್ತಲೂ ತಮಿಳು ಮತ್ತು ತೆಲುಗು ಬರೆಹ. ಈ ಮೇಲಚ್ಚು ಸರಿಯಾಗಿ ಬೀಳದ ಪ್ರತಿಗಳಲ್ಲಿ ಅಡಿಯಚ್ಚಿನ ಲತೀನ್ ಅಕ್ಷರಗಳೂ ಅರಸನ ಮುಖದ ರೇಖೆಯೂ ಇಣುಕುತ್ತವೆ. ಆ ಲತೀನ್ ಬರೆಹದ ಅರ್ಥವನ್ನು ತಿಳಿದವರಿಗೆ ನಗು ಬಾರದಿರದು: ಸ್ಪೇನಿನ ಅರಸನು ಅಲ್ಲಿ ತನ್ನನ್ನು ಸ್ಪೇನಿಗೂ ‘ಇಂಡಿಯ’ಗಳಿಗೂ ರಾಜನೆಂದು ಕರೆದುಕೊಂಡಿದ್ದಾನೆ. ಅವನ ಇಂಡಿಯವೆಂದರೆ ಅಮೆರಿಕ. ಕೊಲಂಬಸನ ದಿಗ್ಭ್ರಮೆಯಿಂದ ಹುಟ್ಟಿದ ಆ ಹೆಸರನ್ನು ಹೊತ್ತ ಬೆಳ್ಳಿಯು ನಿಜವಾದ ಇಂಡಿಯಕ್ಕೆ ಬಂದಾಗ ಇಲ್ಲಿ ಗೋಪುರವೂ ನಾರಾಯಣನೂ ಅದರ ಮೇಲೆ ಕುಳಿತರು.

ಎರಡು ರೂಪಾಯಿಯ ನಾಣ್ಯವಂತೂ ಪಾಠವಿಮರ್ಶಕನಿಗೆ ಇನ್ನೂ ಒಳ್ಳೆಯ ಪರೀಕ್ಷೆ. ಅಡಿಯಲ್ಲಿ ಸ್ಪೇನಿನ ಅರಸ. ಮೇಲೆ ಮೊಗಲ ಬಾದಶಹ ಎರಡನೆಯ ಆಲಂಗೀರನ ಹೆಸರೂ ಹಿಜರಿ 1172 ಎಂಬ ವರ್ಷವೂ ಪಾರಸಿಯಲ್ಲಿ. ಆ ಬಾದಶಹನು ಹತನಾದುದು 1759ರಲ್ಲಿ. ಅವನು ಸತ್ತು ಐವತ್ತು ವರ್ಷಗಳಾಗುತ್ತ ಬಂದಿದ್ದರೂ, ಜನರ ನಂಬುಗೆ ಪಡೆದ ಹಳೆಯ ಆರ್ಕಾಟು ರೂಪಾಯಿಯ ಅಚ್ಚನ್ನು ಬದಲಿಸಲು ಕಂಪೆನಿಯವರು ಇಷ್ಟಪಡಲಿಲ್ಲ. ಹೀಗಾಗಿ ಮೇಲಚ್ಚಿನ ವರ್ಷವು ಅಡಿಯಚ್ಚಿನ ವರ್ಷಕ್ಕಿಂತ ಪ್ರಾಚೀನವಾಗಿ ಕಾಣುವ ವಿಪರ್ಯಾಸವುಂಟಾಗಿದೆ! ಓಲೆಯ ಪ್ರತಿಕಾರನು ಮೂಲಪ್ರತಿಯ ಪುಷ್ಪಿಕೆಯಲ್ಲಿದ್ದ ಸಂವತ್ಸರವನ್ನೇ ತನ್ನ ಪ್ರತಿಗೂ ನಕಲು ಮಾಡಿಕೊಂಡು ಸಂಪಾದಕರನ್ನು ಮೋಸಗೊಳಿಸುವುದು ನಮಗೆ ಹೊಸತಲ್ಲ. ಅಂಥ ಪುಷ್ಪಿಕೆಯನ್ನು ನಾವು ಓಲೆಯ ಹಳಮೆ, ಲಿಪಿಯ ರೀತಿ, ಪಾಠಗಳ ಸಂಬಂಧ ಇವುಗಳಿಂದ ಒರೆಹಚ್ಚಿ ನೋಡುತ್ತೇವೆ. ನಾಣ್ಯಕ್ಕೂ ಅದೇ ನ್ಯಾಯವು ಸಲ್ಲಬೇಕು. ಬರೆದುದೆಲ್ಲವೂ ಪ್ರಮಾಣವಲ್ಲ.

ಒರೆಯ ಮಾತು ಬಂದುದರಿಂದ ಒಂದಂಶವನ್ನು ಇಲ್ಲಿಯೇ ಹೇಳಿಬಿಡಬಹುದು. ಗಂಗಾಧರೇಶ್ವರನ ಗುಡಿಯ ಮುಂದಣ ನುಣುಪಾದ ಕರಿಯ ಕಲ್ಲಿನ ನಂದಿಯನ್ನು ದಿನವೂ ಕಾಣುವ ಊರಿನವರಿಗೆ ಕರಿಯ ಕಲ್ಲಿನ ಮೇಲೆ ಸ್ವಲ್ಪ ಮಮತೆ ಸಹಜ. ಕೌಟಿಲ್ಯನು ಟಂಕಸಾಲೆಯ ಲಕ್ಷಣಾಧ್ಯಕ್ಷನನ್ನಲ್ಲದೆ ನಾಣ್ಯಪರೀಕ್ಷೆಗೆ ರೂಪದರ್ಶಕನೆಂಬ ಬೇರೊಬ್ಬ ಅಧಿಕಾರಿಯನ್ನು ನಿಯಮಿಸಿದ್ದಾನೆ. ಒತ್ತುವವನೇ ಪರೀಕ್ಷಿಸುವವನಾಗಬಾರದೆಂಬ ಈ ವಿವೇಕವು ಎಷ್ಟು ಆವಶ್ಯಕವೆಂಬುದನ್ನು ಪೊತೊಸಿಯ ಚರಿತ್ರೆಯೇ ಸಾರುತ್ತದೆ. ಅಲ್ಲಿನ ಕಮ್ಮಟದಲ್ಲಿ ಬೆಳ್ಳಿಗೆ ತಾಮ್ರವನ್ನು ಮಿತಿಮೀರಿ ಬೆರಸಿದ ದ್ರೋಹವು 1649ರಲ್ಲಿ ಬಯಲಾಗಿ, ಮುಖ್ಯಾಪರಾಧಿಯಾದ ಗೋಮೆಸ್ ದೆ ಲಾ ರೋಚನಿಗೆ ಮರುವರ್ಷ ಮರಣದಂಡನೆಯಾಯಿತು. 1652ರಲ್ಲಿ ನಾಣ್ಯದ ಮುದ್ರೆಯನ್ನೇ ಬದಲಿಸಬೇಕಾಯಿತು. 1772ರಲ್ಲಿಯೂ 1786ರಲ್ಲಿಯೂ ಸ್ವಯಂ ರಾಜನೇ ಗುಟ್ಟಾಗಿ ಬೆಳ್ಳಿಯ ಬಣ್ಣವನ್ನು ಇಳಿಸಿದನು. ಇಷ್ಟಾದರೂ ನಾಣ್ಯದ ಮೇಲಣ ಬಿರುದಾವಳಿಯಲ್ಲಿ ಒಂದಕ್ಷರವೂ ಕುಗ್ಗಲಿಲ್ಲ. ಚಿನಿವಾರನು ಬಿರುದನ್ನು ಓದದೆ ಲೋಹವನ್ನು ತಿಕ್ಕಿ ನೋಡಿದುದರಲ್ಲಿ ಒಂದು ಬಗೆಯ ವಿಮರ್ಶೆಯಿದೆಯೆಂದು ನಮ್ಮ ಅಭಿಪ್ರಾಯ. ಅವನು ಪರೀಕ್ಷೆಗಾಗಿ ಬಿಲ್ಲೆಯ ಮೇಲೆ ಒತ್ತಿದ ಸಣ್ಣ ಗುರುತನ್ನು ಹಲವು ಸಂಗ್ರಾಹಕರು ‘ಗಾಯ’ವೆಂದು ಹೇಳಿ ಬೆಲೆಯನ್ನು ಇಳಿಸುತ್ತಾರೆ. ಓಲೆಯ ಅಂಚಿನಲ್ಲಿ ಹಿಂದಿನ ವಿದ್ವಾಂಸನೊಬ್ಬನು ಬರೆದಿಟ್ಟ ತಿದ್ದುಪಡಿಯನ್ನು ಕೊಳೆಯೆಂದು ಯಾವ ಸಂಪಾದಕನೂ ಒರಸಿಹಾಕುವುದಿಲ್ಲವಷ್ಟೆ.

ದೌರ್ಲಭ್ಯವನ್ನೇ ಗುಣವೆಂದು ಎಣಿಸುವ ಪದ್ಧತಿಯನ್ನು ಇಲ್ಲಿ ಸ್ಪಷ್ಟವಾಗಿ ಆಕ್ಷೇಪಿಸಬೇಕಾಗಿದೆ. ಮಮ್ಮಟನು ಪದದೋಷಗಳನ್ನು ಎಣಿಸುವಾಗ ‘ಅಪ್ರಯುಕ್ತ’ವೆಂಬುದನ್ನೂ ಸೇರಿಸಿದ್ದಾನೆ: ಕೋಶದಲ್ಲಿ ಇದ್ದರೂ ಕವಿಗಳು ಬಳಸದ ಶಬ್ದವನ್ನು ತಂದಿಡುವುದು ದೋಷವೇ ಹೊರತು ಪಾಂಡಿತ್ಯವಲ್ಲ. ಹೊಸದಾಗಿ ಒತ್ತಿ ಪೆಟ್ಟಿಗೆಯಲ್ಲಿಯೇ ಉಳಿದು, ಯಾರ ಕೈಯನ್ನೂ ಸೇರದ, ಯಾವ ಸಂತೆಯನ್ನೂ ಕಾಣದ ನಾಣ್ಯವು ಅಪ್ರಯುಕ್ತಪದದಂತೆ. ಅದರ ಕಾಂತಿ ಕಣ್ಣಿಗೆ ಹಬ್ಬವಾಗಬಹುದು. ಆದರೆ ಅದು ಹೇಳುವುದು ಕಮ್ಮಟದ ಕಥೆಯೊಂದನ್ನೇ. ಸವೆದು, ತಟ್ಟಿಸಿಕೊಂಡು, ಎರಡು ಅಚ್ಚುಗಳ ಭಾರವನ್ನು ಹೊತ್ತ ನಾಣ್ಯವು ಲೋಕವ್ಯವಹಾರದ ಕಥೆಯನ್ನು ಹೇಳುತ್ತದೆ. ಸಂಗ್ರಾಹಕರಲ್ಲಿ ಈ ವಿವೇಕವುಳ್ಳವರು ಇಲ್ಲವೆಂದಲ್ಲ. ಅಡಿಯಚ್ಚಿನ ಇಸವಿ ಓದಲು ಬರುವ ಅರೆವರಹವನ್ನು ಆದರದಿಂದ ಕೊಳ್ಳುವವರೂ ಇದ್ದಾರೆ. ಅಂಥವರಿಗೆ ನಮ್ಮ ಆಕ್ಷೇಪವು ಅನ್ವಯಿಸುವುದಿಲ್ಲ.

ದೊರೆತ ಸ್ಥಳದ ಜ್ಞಾನವು ಅಳಿದುಹೋಗುವುದು ಇದಕ್ಕಿಂತಲೂ ದೊಡ್ಡ ಹಾನಿ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ 1929ರಲ್ಲಿ ಎಂ. ಎಚ್. ಕೃಷ್ಣರೂ 1947ರಲ್ಲಿ ವೀಲರ್ ಮಹಾಶಯರೂ ಉತ್ಖನನ ಮಾಡಿದಾಗ ರೋಮಕ ಸಾಮ್ರಾಟ ತಿಬೇರಿಯಸನ ದೀನಾರವು ದೊರೆಯಿತು. ತಿಬೇರಿಯಸನ ದೀನಾರವು ದುರ್ಲಭವಾದುದೇನೂ ಅಲ್ಲ. ದಕ್ಷಿಣದೇಶದಲ್ಲಿ ರಾಶಿರಾಶಿಯಾಗಿ ಸಿಕ್ಕಿದೆ. ಆದರೂ ಶಾತವಾಹನರ ಕಾಲದ ಸ್ತರದಲ್ಲಿ, ಆ ಕಾಲದ ಮಡಕೆಯ ಚೂರುಗಳ ಜೊತೆಯಲ್ಲಿ ದೊರೆತುದರಿಂದ ಆ ಸ್ಥಳದ ಕಾಲನಿರ್ಣಯಕ್ಕೇ ಅದು ಆಧಾರವಾಯಿತು. ಅದೇ ನಾಣ್ಯವು ಯಾವನೋ ವ್ಯಾಪಾರಿಯ ಕೈಯಿಂದ ಬಂದಿದ್ದರೆ ಅದರ ಬೆಲೆ ಬೆಳ್ಳಿಯ ಬೆಲೆಗಿಂತ ಹೆಚ್ಚೇನೂ ಆಗುತ್ತಿರಲಿಲ್ಲ.

ಸ್ಪೇನಿನ ನಾಣ್ಯಗಳ ವಿಷಯದಲ್ಲಿ ಈ ವಿವಾದವು ನ್ಯಾಯಾಲಯಗಳನ್ನೂ ಏರಿದೆ. 1804ರ ಅಕ್ಟೋಬರ್ 5ರಂದು ಇಂಗ್ಲಿಷರ ಗುಂಡಿಗೆ ಸಿಕ್ಕಿ ಪೋರ್ಚುಗಲ್ಲಿನ ಕಡಲಲ್ಲಿ ಮುಳುಗಿದ ‘ಮೆರ್ಸೆದೆಸ್’ ಎಂಬ ಸ್ಪೇನಿನ ಹಡಗಿನಿಂದ 2007ರಲ್ಲಿ ಅಮೆರಿಕದ ಖಾಸಗಿ ಸಂಸ್ಥೆಯೊಂದು ಸುಮಾರು 6 ಲಕ್ಷ ನಾಣ್ಯಗಳನ್ನು ಮೇಲೆತ್ತಿತು. ಬಹುಪಾಲು ಬೆಳ್ಳಿ, ಕೆಲವು ಚಿನ್ನ. ನಾಣ್ಯಗಳು ಪೆರುವಿನ ನೆಲದಿಂದ ತೆಗೆದ ಲೋಹದವೆಂದು ಪೆರು ದೇಶವೂ ಹಕ್ಕು ಸಾಧಿಸಲು ಯತ್ನಿಸಿತು. ಕೊನೆಗೆ ಅಮೆರಿಕದ ನ್ಯಾಯಾಲಯಗಳ ತೀರ್ಪಿನಂತೆ ಅವು 2012ರಲ್ಲಿ ಸ್ಪೇನಿಗೆ ಹಿಂದಿರುಗಿ, ಚದುರದೆ ವಸ್ತುಸಂಗ್ರಹಾಲಯವನ್ನು ಸೇರಿದುವು. ಇದಕ್ಕೆ ಮುಂಚೆ, 1622ರಲ್ಲಿ ಮುಳುಗಿದ ‘ಆತೋಚಾ’ ಹಡಗಿನ ಮುಖ್ಯರಾಶಿಯು 1985ರಲ್ಲಿ ದೊರೆತಾಗ, ಅದರ ನಾಣ್ಯಗಳು ಪ್ರಮಾಣಪತ್ರಸಹಿತವಾಗಿ ಒಂದೊಂದಾಗಿ ಲೋಕವೆಲ್ಲ ಮಾರಾಟವಾದುವು. ಬಿಡಿಯಾಗಿ ಕೊಂಡವರಿಗೆ ಸಂತೋಷವಾಗಿರಬಹುದು. ಪದ್ಯಸಂಕಲನದ ಓಲೆಯ ಕಟ್ಟನ್ನು ಬಿಚ್ಚಿ ಗರಿಗೊಂದು ಬೆಲೆ ಕಟ್ಟಿ ಹಂಚಿದರೆ ಕೊಂಡವರಿಗೂ ಹಾಗೆಯೇ ಸಂತೋಷವಾದೀತು. ನಮ್ಮ ದೇಶದಲ್ಲಿ 1878ರ ನಿಧಿಶಾಸನದ ಪ್ರಕಾರ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕಿದವನು ಕಲೆಕ್ಟರಿಗೆ ತಿಳಿಸತಕ್ಕುದು. 1972ರ ಪ್ರಾಚೀನವಸ್ತುಗಳ ಶಾಸನವು ನೂರು ವರ್ಷಕ್ಕೆ ಮೀರಿದ ನಾಣ್ಯಗಳನ್ನೂ ಒಳಗೊಂಡಿದೆ. ಆದರೂ ಹೊಲದ ತೆವರಿನಲ್ಲಿಯೋ ಹಳೆಯ ಮನೆಯ ಗೋಡೆಯಲ್ಲಿಯೋ ಸಿಕ್ಕಿದ ಕುಡಿಕೆಗೆ ಎದುರಾಗುವ ಮೊದಲನೆಯ ವಿಮರ್ಶಕನು ಮೂಸೆ.

ಮೂಸೆಗೆ ಬೀಳದೆ ಉಳಿದ ಪರದೇಶದ ನಾಣ್ಯಗಳಲ್ಲಿ ಹಲವು ಉಳಿದುದು ಹೆಂಗಸರ ಕೊರಳಿನಲ್ಲಿ. ವೆನಿಸ್ಸಿನ ಚಿನ್ನದ ದುಕಾತುಗಳು ಈ ದೇಶದಲ್ಲಿ ‘ಪುತ್ಥಳಿ’ ಎಂಬ ಹೆಸರನ್ನು ಪಡೆದು ಸರಗಳಿಗೆ ಏರಿದುವು. ಆ ಹೆಸರು ಪುತ್ಥಳಿ ಸರದಲ್ಲಿ ಈಗಲೂ ಬದುಕಿದೆ. ಅದರ ಒಂದು ಮುಖದಲ್ಲಿ ಸಂತ ಮಾರ್ಕನು ವೆನಿಸ್ಸಿನ ಅಧಿಪತಿಗೆ ಧ್ವಜದಂಡವನ್ನು ಒಪ್ಪಿಸುತ್ತಿರುವ ಚಿತ್ರವಿದೆ. ತಮಿಳುನಾಡಿನಲ್ಲಿ ಅದನ್ನು ಶಾಣಾರ್ ಕಾಸು ಎಂದರು. ಧ್ವಜದಂಡವು ಅವರ ಕಣ್ಣಿಗೆ ತಾಳೆಯ ಮರವಾಗಿ ಕಂಡಿತು, ಮಂಡಿಯೂರಿದ ಅಧಿಪತಿಯು ಮರವನ್ನು ಹತ್ತುವವನಾದನು. ತಿಪಟೂರು ತುರುವೇಕೆರೆ ಚಿಕ್ಕನಾಯಕನಹಳ್ಳಿಗಳ ತೋಟಗಳಲ್ಲಿ ಹುಟ್ಟಿಬೆಳೆದವರಿಗೆ ಈ ಅಪಪಾಠವು ಎಷ್ಟು ಸಹಜವೆಂಬುದನ್ನು ವಿವರಿಸಬೇಕಾಗಿಲ್ಲ. ಅಪಪಾಠವೆಂದು ಅದನ್ನು ತಳ್ಳಿಬಿಡುವುದೂ ಸರಿಯಲ್ಲ. ನೋಡಿದವರ ಲೋಕವನ್ನು ತಿಳಿಸುವುದರಿಂದ ಅದೂ ಒಂದು ಪಾಠಾಂತರವೇ. ಕೊರಳಿಗೆ ಹಾಕುವುದಕ್ಕಾಗಿ ಬೆಸೆದ ಕೊಂಡಿಯನ್ನು ಸಂಗ್ರಾಹಕರು ದೋಷವೆಂದು ಎಣಿಸುತ್ತಾರೆ. ಕೆಲವರು ಅದನ್ನು ಕಿತ್ತು ಉಜ್ಜಿ ನಾಣ್ಯವನ್ನು ‘ಶುದ್ಧ’ ಮಾಡುತ್ತಾರೆ. ವೆನಿಸ್ಸಿನ ಚಿನ್ನವನ್ನು ಇಲ್ಲಿಯ ಒಡವೆಯನ್ನಾಗಿ ಮಾಡಿದ ಅಚ್ಚು ಆ ಕೊಂಡಿಯೇ. ಅದನ್ನು ಕಿತ್ತರೆ ಉಳಿಯುವುದು ಯೂರೋಪಿನ ಯಾವ ಅಂಗಡಿಯಲ್ಲಿಯಾದರೂ ಸಿಕ್ಕುವ ನಾಣ್ಯ.

ಆದುದರಿಂದ ಸಂಗ್ರಾಹಕರು ತಮ್ಮ ಪಟ್ಟಿಯಲ್ಲಿ ದರ್ಜೆ ಬೆಲೆಗಳ ಜೊತೆಗೆ ನಾಣ್ಯವು ಬಂದ ಊರು, ಜೊತೆಯಲ್ಲಿದ್ದ ಇತರ ನಾಣ್ಯಗಳು, ಮನೆಯವರು ಅದನ್ನು ಕರೆಯುತ್ತಿದ್ದ ಹೆಸರು, ಚಿನಿವಾರನ ಗುರುತು, ಕೊಂಡಿಯ ಕಲೆ, ಅಡಿಯಚ್ಚಿನಲ್ಲಿ ಓದಲಾಗುವ ಅಕ್ಷರಗಳು ಇವುಗಳನ್ನು ಬರೆದಿಡಬೇಕೆಂದು ಕೇಳುವುದು ಅತ್ಯಾಶೆಯಲ್ಲ. ಮನೆಯವರ ಬಾಯಿನ ಹೆಸರಿಗೆ ನಾವು ವಿಶೇಷ ಪ್ರಾಧಾನ್ಯ ಕೊಡುತ್ತೇವೆ. ಲೋಹವು ಕರಗದಿದ್ದರೂ ಹೆಸರು ಒಂದು ತಲೆಮಾರಿನಲ್ಲಿ ಕರಗಿಹೋಗುತ್ತದೆ. ಎ. ವಿ. ನರಸಿಂಹಮೂರ್ತಿಯವರ 1975ರ ‘ದಿ ಕಾಯಿನ್ಸ್ ಆಫ್ ಕರ್ನಾಟಕ’ ಗ್ರಂಥವು ನಾಡಿನ ನಾಣ್ಯಗಳಿಗೆ ಒಂದು ಚೌಕಟ್ಟನ್ನು ಹಾಕಿಕೊಟ್ಟಿದೆ. ಪರದೇಶದ ನಾಣ್ಯಗಳು ಇಲ್ಲಿ ಪಡೆದ ಹೆಸರುಗಳನ್ನೂ ಆ ಚೌಕಟ್ಟಿಗೆ ಕೂಡಿಸುವುದು ಶಬ್ದವ್ಯಾಸಂಗವುಳ್ಳವರ ಕೆಲಸ. ಅದನ್ನು ಲೋಹದ ತೂಕವನ್ನು ಮಾತ್ರ ಬಲ್ಲವರಿಗೆ ಬಿಡುವುದು ತರವಲ್ಲ. ಇನ್ನು ಅಧ್ಯಾಪಕರು ಪಾಯೆಸನ ವೃತ್ತಾಂತದ ಕನ್ನಡ ಅನುವಾದವನ್ನು ಪಾಠ ಹೇಳುವಾಗ ಪರ್ದಾವು ಎಂದಿರುವಲ್ಲಿ, ಕೃಷ್ಣರಾಯನ ವರಹದ ಬರೆಹವನ್ನು ಕರಿಹಲಗೆಯ ಮೇಲೆ ಬರೆದು ಅದರ ಎರಡನೆಯ ಪದವನ್ನು ತೋರಿಸಿದರೆ ಸಾಕು.

ಚೆನ್ನಪಟ್ಟಣದ ಆ ಅರೆವರಹದಲ್ಲಿ ನಾಲ್ಕು ಲಿಪಿಗಳಿದ್ದರೂ ಕನ್ನಡವಿಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. ವರಹವೆಂಬ ಹೆಸರೊಂದೇ ಅದರಲ್ಲಿ ವಿಜಯನಗರದ ಉಳಿಕೆ. ಆದರೆ ಅದೇ ಶತಮಾನದ ಪೂರ್ವಾರ್ಧದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಹೊರಟ ತಾಮ್ರದ ನಾಣ್ಯಗಳಲ್ಲಿ ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿಯೂ, ಅದರ ಜೊತೆಗೆ ಐದು, ಹತ್ತು, ಇಪ್ಪತ್ತು ‘ಕ್ಯಾಷ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿಯೂ ಒತ್ತಿದೆ. ಕಾಸು ಎಂಬ ನಮ್ಮ ಮಾತೇ ಪೋರ್ಚುಗೀಸರ ಬಾಯಲ್ಲಿ ಕಾಯಿಷವಾಗಿ, ಇಂಗ್ಲಿಷರ ಬಾಯಲ್ಲಿ ಕ್ಯಾಷ್ ಆಗಿ, ಮೈಸೂರಿನ ಕಮ್ಮಟದಲ್ಲಿ ತನ್ನ ಮೂಲರೂಪದ ಪಕ್ಕದಲ್ಲಿಯೇ ಬಂದು ಕುಳಿತಿದೆ.